ಒಳಗಿಂದ ತೆರೆದೇ ಇದ್ದ ಬಾಗಿಲು

ನಮ್ಮಕ್ಕ ಊರಿಗೆಲ್ಲ ಹಲ್ಲಕ್ಕ. ಹಲ್ಲಿನ ಸೆಟ್ ಮಾಡುವುದು ಅವಳ ಕಸುಬು. ಡಾಕ್ಟರು ಕಳಿಸಿದ ಅಚ್ಚಿಗೆ ನಾನು ಪ್ಲಾಸ್ಟರ್ ಸುರಿಯುತ್ತೇನೆ, ಅವಳು ಮೇಣದಲ್ಲಿ ಹಲ್ಲು ಜೋಡಿಸುತ್ತಾಳೆ. ಊರಿಗೆಲ್ಲ ಹಲ್ಲು ಕಟ್ಟಿಕೊಡುವವಳು ನನ್ನ ಹಲ್ಲು ಮುರಿಯುತ್ತೇನೆಂದು ದಿನಕ್ಕೊಮ್ಮೆಯಾದರೂ ಗದರುತ್ತಾಳೆ.

ಒಂದು ಕಾಲಕ್ಕೆ ಅಕ್ಕ ಕುಡಿಯುತ್ತಿದ್ದಳು. ಬಿಟ್ಟಮೇಲೆ ಕೆಲಸದ ಕೋಣೆಯ ಮೂಲೆಯಲ್ಲಿ ಹಳೇ ಲ್ಯಾಪ್‌ಟಾಪ್ ಇಟ್ಟು, ಬಿಡಲು ಒದ್ದಾಡುವವರು ಬರೆದುಕೊಳ್ಳಲೆಂದು ಇಂಟರ್ನೆಟ್ಟಿನಲ್ಲೊಂದು ಜಾಗ ಮಾಡಿದಳು. ಬರೆಯುವವರು ಯಾರೆಂದು ಅವಳಿಗೆ ತಿಳಿಯದು, ಜಾಗ ಯಾರದೆಂದು ಅವರಿಗೆ ತಿಳಿಯದು. ಅದರ ವಿಳಾಸ ನನಗೆ ಸಿಕ್ಕಿದ್ದು ಆಸ್ಪತ್ರೆಯ ಗೋಡೆಯ ಮೇಲೆ. ಅಕ್ಕನಿಗೆ ಗೊತ್ತಾಗದಂತೆ ಕುಡಿಯುತ್ತಿದ್ದ ನಾನು, ಆ ಜಾಗ ಅವಳದೆಂದು ತಿಳಿಯದೆ, ಕುಡಿತ ಬಿಟ್ಟು ದಿನಾ ಸಂಜೆ ‘ಇವತ್ತೂ ಕುಡಿದಿಲ್ಲ’ ಎಂದು ಬರೆಯತೊಡಗಿದೆ. ಒಂದು ದಿನ ನೋಡುತ್ತೇನೆ, ಅವಳ ಪರದೆಯ ಮೇಲೆ ನನ್ನದೇ ಸಾಲು! ಬರೆದವನು ನಾನೆಂದು ಅವಳಿಗೆ ಗೊತ್ತೋ, ಇಲ್ಲವೋ? ಕೇಳುವುದಾದರೂ ಹೇಗೆ? ಬಾಯಲ್ಲಿ ಬಿಸಿ ತುಪ್ಪ. ಸುಮ್ಮನೆ ಬರೆಯುತ್ತಲೇ ಹೋದೆ.

ಮೊನ್ನೆ ಬೆಳಿಗ್ಗೆ ಕೇಬಲ್‌ನವನು ಬಂದು ಹಳೇ ವೈರು ಕಿತ್ತು, ಹೊಸ ಕನೆಕ್ಷನ್ ಕೊಟ್ಟುಹೋದ. ಸಂಜೆ ನನ್ನ ಫೋನಿನಲ್ಲಿ ಆ ಜಾಗ ತೆರೆಯಲೇ ಇಲ್ಲ. ಅಕ್ಕ ಲ್ಯಾಪ್‌ಟಾಪಿನ ಮುಂದೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದಳು.

“ಇಲ್ಲಿ ತೆಗೆದ್ರೆ ಸರಿಯಾಗೇ ತೆರೆಯುತ್ತೆ. ಆದ್ರೆ ಬೆಳಗಿಂದ ಒಬ್ರೂ ಬಂದಿಲ್ಲ. ದಿನಾ ಬರೆಯೋರೊಬ್ರಿದ್ದಾರೆ, ಅವರೂ ಇಲ್ಲ.”

“ಬರ್ತಾರೆ ಬಿಡಕ್ಕ.”

“ಮತ್ತೆ ಕುಡಿದುಬಿಟ್ರೋ ಏನೋ ಕಣೋ. ಅವರ ಒಂದು ಸಾಲು ನೋಡಿದ್ರೆ ನನಗೂ ಆ ದಿನ ಕಳೆಯುತ್ತೆ. ಅದೂ ಇಲ್ಲದಿದ್ರೆ ನಾನು…” ನನಗೆ ನಿಜಕ್ಕೂ ಭಯವಾಯಿತು.

ಆ ಜಾಗ ಇರುವುದು ಅಕ್ಕನ ಲ್ಯಾಪ್‌ಟಾಪಿನಲ್ಲೇ, ಆದರೆ ಯಾರ ಮನೆಯೆಂದು ಹೊರಗೆ ಗೊತ್ತಾಗದಂತೆ ಅದಕ್ಕೆ ಮನೆಯ ವಿಳಾಸವಿಲ್ಲ. ಲ್ಯಾಪ್‌ಟಾಪೇ ಎಲ್ಲೆಲ್ಲಿಯೋ ಇರುವ ಕಂಪ್ಯೂಟರುಗಳಿಗೆ ಗುಟ್ಟಿನ ದಾರಿ ಹಾಕಿಕೊಂಡು ಕಾಯುತ್ತದೆ, ಬರುವವರು ಅಲ್ಲಿಗೆ ಹೋಗಿ ಕರೆಯುತ್ತಾರೆ. ಕನೆಕ್ಷನ್ ಬದಲಾದಾಗ ಆ ದಾರಿಗಳೆಲ್ಲ ಕಡಿದಿದ್ದವು. ಕೊಡ ಬಾವಿಗೆ ಬಿದ್ದಮೇಲೂ ಹಗ್ಗ ಹಿಡಿದು ನಿಂತವರ ಹಾಗೆ ಲ್ಯಾಪ್‌ಟಾಪ್ ಕಾಯುತ್ತಲೇ ಇತ್ತು. ಇದೆಲ್ಲ ಅಕ್ಕ ಆಮೇಲೆ ಹೇಳಿದ್ದು. ಆಗ ನಮ್ಮಿಬ್ಬರಿಗೂ ತಲೆಬುಡ ತಿಳಿದಿರಲಿಲ್ಲ.

ನನಗೆ ತಿಳಿದಿದ್ದು ಒಂದೇ, ಹೊರಗಿಂದ ಅದು ತೆರೆಯುತ್ತಿಲ್ಲ. ಹಾಗೆಂದು ಅಕ್ಕನಿಗೆ ಹೇಳಿದರೆ, ದಿನಾ ಬರೆಯುವವನು ನಾನೇ ಎಂದು ಒಪ್ಪಿಕೊಂಡಂತೆಯೇ. ಹೇಳದಿದ್ದರೆ ಅಕ್ಕ? ಪ್ಲಾಸ್ಟರ್ ಕಲಸಿದೆ, ಬಟ್ಟಲಲ್ಲೇ ಗಟ್ಟಿಯಾಯಿತು. ಮತ್ತೆ ಕಲಸಿದೆ.

“ತಲೆ ಎಲ್ಲಿಟ್ಟಿದ್ದೀಯೋ?” ಎಂದಳು.

“ಅಕ್ಕ, ಅದು ಹೊರಗಿಂದ ತೆರೀತಿಲ್ಲ.”

“ಯಾರಿಗೆ?”

“ನನಗೆ.”

ಅವಳು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಲ್ಯಾಪ್‌ಟಾಪಿನತ್ತ ತಿರುಗಿ, ನಡೆಯುತ್ತಿದ್ದುದನ್ನೆಲ್ಲ ನಿಲ್ಲಿಸಿ, ಮೊದಲಿಂದ ಶುರುಮಾಡಿದಳು. ಬಹಳ ಹೊತ್ತಾದ ಮೇಲೆ, ನನ್ನ ಕಡೆ ನೋಡದೆ, “ಈಗ ನೋಡು” ಎಂದಳು.

ತೆರೆಯಿತು. ಅದೇ ಕೋಣೆಯಲ್ಲಿ, ಅವಳ ಬೆನ್ನ ಹಿಂದೆ ನಿಂತು ‘ಇವತ್ತೂ ಕುಡಿದಿಲ್ಲ’ ಎಂದು ಬರೆದೆ. ಒಂದೇ ಸಾಲನ್ನು ಅವಳು ಎಷ್ಟು ಹೊತ್ತು ಓದಿದಳೋ. ಫೋನಿಗೆ ಉತ್ತರ ಬಂತು: ‘ನಿಮಗೋಸ್ಕರ ಕಾಯ್ತಿದ್ದೆ. ನಾನೂ ಕುಡಿದಿಲ್ಲ.’

ಅವಳಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಇನ್ನೂ ನನಗೆ ಬಗೆಹರಿದಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಬಂದಳು, ಬಟ್ಟಲು ನೋಡಿದಳು.

“ಎರಡನೇದೂ ಗಟ್ಟಿಯಾಯ್ತಲ್ಲೋ. ಹಲ್ಲು ಮುರೀತೀನಿ ನಿನ್ನ” ಎಂದು ನನ್ನ ತಲೆಯ ಮೇಲೆ ಕೈಯಿಟ್ಟಳು.