ಮಾವ್ಶಿ ಬಿಟ್ಟ ಮಾತ್ರೆ

ಈ ವರ್ಷ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದಂದು, ಪುತ್ತಿಗೆಯ ತಮ್ಮ ಮನೆಯಲ್ಲಿ, ನನ್ನ ತಾಯಿಯ ತಂಗಿ ಸೆವ್ರಿನ್ ಮಾವ್ಶಿ ನೋವಿನ ಮಾತ್ರೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದರು.

ಕ್ಯಾನ್ಸರ್ ಅವರ ಬೆನ್ನುಮೂಳೆಗೆ ಇಳಿದಿದೆ. ಮಾತ್ರೆ ಎಂದರೆ ಮಾರ್ಫಿನ್. ಪಂಚಾಯತಿನ ಪಾಲಿಯೇಟಿವ್ ನರ್ಸ್ ಸಿಂಧು ಮನೆಗೇ ಬಂದು ಕೊಟ್ಟು ಹೋಗುತ್ತಾರೆ. ಗಡಿಯಾರ ನೋಡಿ ನುಂಗಬೇಕು, ನೋವು ಬರಲಿ ಎಂದು ಕಾಯಬಾರದು ಎಂಬುದು ಅವರ ಕಟ್ಟಪ್ಪಣೆ.

ಪತ್ರಿಕೆಯವನಾದ ನಾನು ಮೊದಲು ಕಾರಣ ಕೇಳಿದೆ. ಮಾವ್ಶಿ ಕೊಟ್ಟ ಉತ್ತರ ಸರಳವಾಗಿತ್ತು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ನಮ್ಮವರು ಇಷ್ಟದ್ದೊಂದನ್ನು ಬಿಡುತ್ತಾರೆ. ಸಾಮಾನ್ಯವಾಗಿ ಮೀನು, ಮಾಂಸ. ಕೆಲವು ಗಂಡಸರು ಶೇಂದಿ. ಮಾವ್ಶಿ ಹುಡುಗಿಯಾಗಿದ್ದಾಗಿನಿಂದ ಬಿಡುತ್ತಿದ್ದದ್ದು ಮೀನು.

“ಈಗ ಮೀನು ಬಾಯಿಗೇ ಸೇರುವುದಿಲ್ಲ ಪುತಾ. ಬೇಡದ್ದನ್ನು ಬಿಟ್ಟು ದೇವರಿಗೆ ಕೊಟ್ಟೆ ಅಂತ ಹೇಳಿದರೆ ಅದು ಮೋಸ ಅಲ್ವಾ? ಬಿಡಲಿಕ್ಕೆ ನನ್ನ ಹತ್ತಿರ ಇನ್ನು ಎಂತ ಉಂಟು? ಮಾತ್ರೆ ಒಂದೇ.”

ತರ್ಕದಲ್ಲಿ ನನಗೆ ಬಿರುಕು ಕಾಣಲಿಲ್ಲ. ಕಾಣಿಕೆ ಯಾರಿಗಾಗಿ ಎಂಬುದೂ ನಿಗದಿಯಾಗಿತ್ತು. ಅವರ ಗಂಡ ಗ್ರೆಗರಿ ಬಾಪ್ಪು, ಸಾಯುವವರಿಗೆ ಪಾದ್ರಿ ಎಣ್ಣೆ ಹಚ್ಚಿ ಪ್ರಾರ್ಥಿಸುವ ಕೊನೆಯ ಅಭ್ಯಂಗ ಸಿಗದೆ, ಬಸ್ಸಿನಲ್ಲೇ ಕಣ್ಣುಮುಚ್ಚಿದವರು. ಅವರ ಆತ್ಮ ಸ್ವರ್ಗದ ಬಾಗಿಲ ಹೊರಗೆ ಶುದ್ಧಿಗಾಗಿ ಕಾಯುತ್ತಿದ್ದರೆ, ತನ್ನ ನೋವು ಅವರನ್ನು ಒಳಗೆ ದಾಟಿಸಲಿ ಎಂಬುದು ಮಾವ್ಶಿಯ ಹರಕೆ.

ಇಲ್ಲಿ ನನ್ನ ವಿಷಯ ಹೇಳುವುದು ಒಳ್ಳೆಯದು. ತಲೆನೋವು ಬರಬಹುದೆಂಬ ಗುಮಾನಿಗೇ ಮಾತ್ರೆ ನುಂಗುವ ಜಾತಿ ನಾನು. ಮತ ಎಣಿಕೆಯ ದಿನ ಬೆಳಿಗ್ಗೆ, ಮೊದಲ ಸುತ್ತು ಮುಗಿಯುವ ಮುಂಚೆಯೇ ಒಂದು ನುಂಗಿರುತ್ತೇನೆ. ಆಫೀಸಿನ ನನ್ನ ಮೇಜಿನ ಡ್ರಾವರಿನಲ್ಲಿ ಪೆನ್ನಿಗಿಂತ ಮಾತ್ರೆಯ ಹಾಳೆಗಳೇ ಹೆಚ್ಚು. ಶುಕ್ರವಾರ ಮೀನು ತಿನ್ನದೆ ಮೊಟ್ಟೆ ತಿಂದು ಅದನ್ನೇ ತ್ಯಾಗವೆಂದು ಲೆಕ್ಕ ಹಾಕುವವನು, ಮಾರ್ಫಿನ್ ಬಿಟ್ಟವರಿಗೆ ಉಪದೇಶ ಮಾಡುವುದು ಹೇಗೆ?

ಆದರೂ ಮಾಡಿದೆ. ಓದಿಕೊಂಡೇ ಹೋದೆ. ಅರಿವಳಿಕೆಯ ವೈದ್ಯರು ಹಿಂದೊಮ್ಮೆ ಪೋಪರನ್ನೇ ಈ ಪ್ರಶ್ನೆ ಕೇಳಿದ್ದರು. ನೋವು ಕಳೆಯುವ ಮದ್ದು ತೆಗೆದುಕೊಳ್ಳಬಹುದು, ನೋವನ್ನು ಸಹಿಸಲೇಬೇಕೆಂಬ ಕಡ್ಡಾಯ ಯಾವ ಕ್ರೈಸ್ತನಿಗೂ ಇಲ್ಲ ಎಂಬ ಅರ್ಥದ ಉತ್ತರ ಬಂದಿತ್ತು. ಸ್ವಇಚ್ಛೆಯಿಂದ ಸಹಿಸುವವರನ್ನೂ ಧರ್ಮಸಭೆ ತಡೆಯುವುದಿಲ್ಲ. ವರದಿಗಾರನ ಕಣ್ಣಿಗೆ ಇದು ಎರಡೂ ಕಡೆಯವರ ಹೇಳಿಕೆ ಇರುವ ಸಮತೋಲಿತ ಸುದ್ದಿ. ಹಾಸಿಗೆಯ ಪಕ್ಕ ಕೂತವನಿಗೆ ಅದರಿಂದ ಪ್ರಯೋಜನ ಕಡಿಮೆ.

ಮಾವ್ಶಿ ನೇರವಾಗಿ ಶಿಲುಬೆಗೇ ಹೋದರು. ಯೇಸುವಿಗೆ ರಕ್ತಬೋಳ ಬೆರೆಸಿದ ದ್ರಾಕ್ಷಾರಸ ಕೊಡಲು ಬಂದಾಗ ಅವನು ಕುಡಿಯಲಿಲ್ಲವಲ್ಲ ಎಂದರು. ಅದು ಆ ಕಾಲದ ನೋವಿನ ಮದ್ದು ಎಂದು ಅವರಿಗೂ ಗೊತ್ತಿತ್ತು. ನಾನು ಯೇಸು ಹೇಳಿದ ಕಥೆಯ ಒಳ್ಳೆಯ ಸಮಾರ್ಯದವನನ್ನು ಎಳೆದು ತಂದೆ. ದಾರಿಯಲ್ಲಿ ಬಿದ್ದಿದ್ದವನಿಗೆ ಅವನು ನೋವನ್ನು ದೇವರಿಗೆ ಒಪ್ಪಿಸೆಂದು ಬೋಧಿಸದೆ ಎಣ್ಣೆ, ದ್ರಾಕ್ಷಾರಸ ಸುರಿದು ಗಾಯ ಕಟ್ಟಿದ ಎಂದೆ.

“ಬಿದ್ದವ ಬೇಡ ಅಂತ ಹೇಳಲಿಲ್ಲ. ನಾನು ಹೇಳ್ತಾ ಇದ್ದೇನೆ” ಎಂದರು ಮಾವ್ಶಿ.

ಅಲ್ಲಿಗೆ ನನ್ನ ದೇವಶಾಸ್ತ್ರ ಮುಗಿಯಿತು. ಆಫೀಸಿನಲ್ಲಿ ಉಪಸಂಪಾದಕ ಭಟ್ಟರಿಗೆ ಹೇಳಿದರೆ, “ನಮ್ಮ ಏಕಾದಶಿಗೂ ಮದ್ದಿಗೆ ವಿನಾಯಿತಿ ಉಂಟು ಮಾರಾಯ, ನಿಮ್ಮಲ್ಲಿ ಇಲ್ವಾ?” ಎಂದರು. ನಮ್ಮಲ್ಲೂ ಉಂಟು. ಉಪವಾಸದ ನಿಯಮ ರೋಗಿಗಳಿಗೆ ಅನ್ವಯಿಸುವುದಿಲ್ಲ. ಆದರೆ ವಿನಾಯಿತಿ ಕೇಳಿದವರಿಗೆ ತಾನೆ ಸಿಗುವುದು?

ವಾರ ಕಳೆಯುವಷ್ಟರಲ್ಲಿ ಮಾವ್ಶಿಗೆ ಮಗ್ಗುಲು ಬದಲಿಸುವುದೂ ಆಗದಾಯಿತು. ಹಲ್ಲು ಕಚ್ಚಿ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಸಿಂಧು ಸಿಸ್ಟರ್ ಬಂದು ಬೈದು ಹೋದರು. ಮಾವ್ಶಿ ಅದನ್ನೂ ಕಾಣಿಕೆಗೆ ಸೇರಿಸಿಕೊಂಡರು.

ಮರುವಾರದ ಶುಕ್ರವಾರ ಪರಮಪ್ರಸಾದ ಕೊಡಲು ಚರ್ಚಿನ ಪಾದ್ರಿಯಾದ ವಿಗಾರರು ಬಂದರು. ನಾನೂ ಇದ್ದೆ. ಮಾತ್ರೆ ಬಿಡಬೇಕೆಂದು ದೇವರು ಕೇಳಿಲ್ಲ, ತೆಗೆದುಕೊಂಡ ಮೇಲೂ ಉಳಿಯುವ ನೋವನ್ನು ಕೊಟ್ಟರೆ ಧಾರಾಳವಾಯಿತು ಎಂದು ಅವರು ಮೆತ್ತಗೆ ಹೇಳಿದರು. ಮಾವ್ಶಿ ಕಣ್ಣುಮುಚ್ಚಿ ಕೇಳಿ, ಹರಕೆ ಹರಕೆಯೇ ಎಂದರು.

ಆಗ ಮಾವ್ಶಿಯ ಸೊಸೆ ಲೀನಾ ಕಾಫಿ ತಂದಳು. ನಮ್ಮ ಮಾತೆಲ್ಲ ಕೊಂಕಣಿಯಲ್ಲಿ. ಅವಳು ಹೇಳಿದ್ದನ್ನು ಕನ್ನಡದಲ್ಲಿ ಆದಷ್ಟು ಇದ್ದ ಹಾಗೆ ಬರೆಯುತ್ತೇನೆ. ಲೋಟವನ್ನು ವಿಗಾರರ ಕೈಗೆ ಕೊಟ್ಟು, ಅತ್ತೆಯ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು:

“ಮಾಂಯ್, ನಾನು ಬಿಟ್ಟದ್ದು ಮೀನು ಮಾತ್ರ. ನಿದ್ದೆ ಬಿಡ್ತೇನೆ ಅಂತ ನಾನು ಹರಕೆ ಹೇಳಿಕೊಳ್ಳಲಿಲ್ಲ.”

ವಿಭೂತಿ ಬುಧವಾರದಿಂದ ರಾತ್ರಿಯಿಡೀ ಅತ್ತೆಯ ಬೆನ್ನು ನೀವುತ್ತಾ ಕುಳಿತವಳು ಅವಳೇ. ಹಗಲು ಅವಳಿಗೆ ಅಂಗನವಾಡಿಯ ಕೆಲಸ. ನಾನು ಗ್ರಂಥಗಳಲ್ಲಿ ಹುಡುಕುತ್ತಿದ್ದಾಗ ಅವಳ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಮೂರು ದಿನ ಆ ಮನೆಗೆ ಹೋಗಿ ಬಂದಿದ್ದ ವರದಿಗಾರನಿಗೆ ಅದು ಕಾಣಲೇ ಇಲ್ಲ.

ಮಾವ್ಶಿ ಕಣ್ಣು ತೆರೆದು ಲೀನಾಳನ್ನು ನೋಡಿದರು. ಆಮೇಲೆ ವಿಗಾರರಿಗೆ ಹೇಳಿದರು: “ನನ್ನದು ನಾನು ಕೊಡಬಹುದು ಫಾದರ್. ಅವಳದ್ದು ನಾನು ಕೊಡುವ ಹಾಗಿಲ್ಲ. ಹರಕೆ ಬದಲಿಸಲಿಕ್ಕೆ ಆಗ್ತದಾ?”

ಆಗುತ್ತದೆ, ಅದಕ್ಕೆ ತಮಗೆ ಅಧಿಕಾರವಿದೆ ಎಂದರು ವಿಗಾರರು. ಬದಲಿಗೆ ಈಸ್ಟರ್‌ವರೆಗೆ ಸೊಸೆಯ ಅಡುಗೆಗೆ ಹೆಸರಿಡಬಾರದು ಎಂದು ವಿಧಿಸಿದರು. ಇದಕ್ಕಿಂತ ಬೆನ್ನುನೋವೇ ಹಗುರವಾಗಿತ್ತು ಎಂದರು ಮಾವ್ಶಿ. ವಿಗಾರರು ನಕ್ಕರು. ಲೀನಾ ನಗಲಿಲ್ಲ, ಮಾತ್ರೆ, ನೀರು ತರಲು ಒಳಗೆ ಹೋದಳು.

ಈ ಭಾನುವಾರ ಮಧ್ಯಾಹ್ನ ನಾನು ಮತ್ತೆ ಪುತ್ತಿಗೆಗೆ ಹೋಗಿದ್ದೆ. ಮಾವ್ಶಿ ದಿಂಬಿಗೆ ಒರಗಿ ಎಚ್ಚರವಾಗಿದ್ದರು. ಮಂಚದ ಪಕ್ಕ ಚಾಪೆಯಲ್ಲಿ ಲೀನಾ ಮಲಗಿದ್ದಳು. ಮಾತಾಡಬೇಡ ಎಂದು ಮಾವ್ಶಿ ನನಗೆ ಕೈಸನ್ನೆ ಮಾಡಿದರು.