ನಾಗವೇಣಿಗೆ ಕೊಟ್ಟ ಎರಡು ತಾಸು

ಎಲೆಯಡಿಕೆಯ ಕವಳ ಹಾಕುವವನ ಬಾಯಿಯನ್ನು ಯಾರಾದರೂ ಆಸೆಯಿಂದ ನೋಡಿಯಾರು ಎಂದು ನಾನು ಎಣಿಸಿರಲಿಲ್ಲ. ಪಕ್ಕದ ಮನೆಯ ನಾಗವೇಣಿ ನೋಡಿದಳು. ಅವಳು ಹಲ್ಲು ಶುಚಿ ಮಾಡುವ ವಿದ್ಯೆ ಕಲಿಯುತ್ತಿದ್ದಾಳೆ. ಹೊನ್ನಾವರದ ಒಂದು ದವಾಖಾನೆಯಲ್ಲಿ ಇಂತಿಷ್ಟು ತಾಸು ನಿಜವಾದ ಬಾಯಿಗಳಲ್ಲಿ ಕೈಯಾಡಿಸಿ, ಕಲಿಸುವ ಮೇಡಂ ಅವರ ರುಜು ಪಡೆದರೇ ಪರೀಕ್ಷೆಗೆ ಕೂರಬಹುದು. ಎರಡು ತಾಸು ಬಾಕಿ, ಶನಿವಾರವೇ ಕೊನೆ. ಅದಕ್ಕೆ ಕಲೆ ಹಿಡಿದು ಪಾಚಿ ಕಲ್ಲಾದ ಬಾಯಿಯೇ ಬೇಕಂತೆ. ಒಪ್ಪಿದ್ದವರು ಕೈಕೊಟ್ಟಿದ್ದರು.

"ಮಾವ, ನಿಮ್ಮ ಬಾಯಿ ಎರಡು ತಾಸು ಕೊಡ್ತ್ರಾ?" ಎಂದು ಬೇಲಿಯಾಚೆಯಿಂದ ಕೇಳಿದಳು. ಈ ಬಾಯಿ ಮುಚ್ಚಿದರೆ ಸಾಕು ಎಂದವರೇ ಹೆಚ್ಚು. ತೆರೆಯಿರಿ ಎಂದವಳು ಇವಳೊಬ್ಬಳೇ. "ಆತು" ಅಂದೆ.

"ಹೇಗಿದ್ದೀರೋ ಹಾಗೇ ಬನ್ನಿ" ಎಂದೂ ಹೇಳಿದ್ದಳು. ನಮ್ಮ ಕಡೆ ಅದು ಉಪಚಾರದ ಮಾತು. ಹಾಗೆಂದರು ಅಂತ ಯಾರಾದರೂ ಇದ್ದ ಹಾಗೇ ಹೋಗುತ್ತಾರೆಯೇ? ಮೂರು ದಿನ ಕವಳ ಬಿಟ್ಟೆ. ಉಮಿಕರಿಗೆ ಉಪ್ಪು ಬೆರೆಸಿ, ನಮ್ಮಜ್ಜಿ ತಾಮ್ರದ ಚೊಂಬು ತಿಕ್ಕುತ್ತಿದ್ದ ಶ್ರದ್ಧೆಯಿಂದ ಹೊತ್ತುಹೊತ್ತಿಗೂ ತಿಕ್ಕಿದೆ. ಅಜ್ಜಿಯ ಮತದಲ್ಲಿ ಹಲ್ಲಿಗೂ ಚೊಂಬಿಗೂ ಭೇದವಿರಲಿಲ್ಲ. ಹೊಳೆಯುವುದೇ ಎರಡರ ಧರ್ಮ.

ಶನಿವಾರ ಕುರ್ಚಿಯಲ್ಲಿ ಒರಗಿ ಹೆಮ್ಮೆಯಿಂದ ಬಾಯಿ ತೆರೆದೆ. ದೀಪ ಹಾಕಿದ ನಾಗವೇಣಿಯ ಮುಖ ಇಳಿಯಿತು.

"ಎಂತ ಮಾಡ್ಕಂಡ್ ಬಂದ್ರಿ ಮಾವ?"

"ತಿಕ್ಕಂಡ್ ಬಂದೆ."

"ಯಾರು ಹೇಳಿದ್ರು ತಿಕ್ಕೂಕೆ? ಇಷ್ಟು ವರ್ಷ ಇಲ್ಲದ್ದು ಈ ವಾರವೇ ನೆನಪಾಯ್ತಾ?"

ಮೇಡಂ ಬಗ್ಗಿ ನೋಡಿ, "ಇದರಲ್ಲಿ ಎರಡು ತಾಸಿನ ಕೆಲಸ ಎಲ್ಲಿದೆ?" ಅಂದರು. ಹುಡುಗಿಯ ಪರೀಕ್ಷೆಯನ್ನು ನಾನೇ ತಿಕ್ಕಿ ತೊಳೆದಿದ್ದೆ. ಬಾಯಿ ತೆರೆದೇ ಇದ್ದುದರಿಂದ ಕ್ಷಮೆ ಕೇಳಲೂ ಆಗಲಿಲ್ಲ.

ನಾಗವೇಣಿ ಸಣ್ಣ ಕನ್ನಡಿಯನ್ನು ಕೆಳಹಲ್ಲುಗಳ ಹಿಂದಕ್ಕೆ ಇಳಿಸಿದಳು. ಅತ್ತಿತ್ತ ತಿರುಗಿಸಿದಳು. ಆಮೇಲೆ ಮೆಲ್ಲಗೆ, "ಮೇಡಂ, ಇಲ್ಲಿ ನೋಡಿ."

ನೋಡಿದ ಮೇಡಂ, "ಎರಡು ತಾಸು ಸಾಲೂದಿಲ್ಲ ಮಾರಾಯ್ತಿ, ಶುರು ಮಾಡು" ಅಂದರು. ನಾಲಿಗೆ ಮಲಗುವ ಆ ಬದಿಗೆ ನನ್ನ ಶ್ರದ್ಧೆ ಎಂದೂ ತಲುಪಿರಲಿಲ್ಲ.

ಕರಕರ ಸದ್ದು ಶುರುವಾಯಿತು. ನೀರು ಜಿನುಗುವುದು, ನಳಿಕೆ ಅದನ್ನು ಹೀರುವುದು, ತೆರೆ ಬಂದು ಹಿಂದೆ ಸರಿದ ಹಾಗೆ. ಕಣ್ಣು ತಾನಾಗಿ ಮುಚ್ಚಿತು. ಶರಾವತಿ ಸಮುದ್ರ ಸೇರುವಲ್ಲಿ ಮರಳ ಮೇಲೆ ಕವುಚಿ ಹಾಕಿದ ಹಳೆಯ ದೋಣಿ ನಾನು. ಯಾರೋ ಅಡಿಗೆ ಅಂಟಿದ ಚಿಪ್ಪುಗಳನ್ನು ಒಂದೊಂದಾಗಿ ಹೆರೆಯುತ್ತಿದ್ದಾರೆ. ಎಷ್ಟು ಪ್ರಯಾಣದ ಚಿಪ್ಪುಗಳೋ. ನಾನು ಹಗುರಾಗುತ್ತ ಹಗುರಾಗುತ್ತ ಇನ್ನೇನು ತೇಲಬೇಕು, ಅಷ್ಟರಲ್ಲಿ ಯಾರೋ ಭುಜ ಮುಟ್ಟಿದರು.

"ಮಾವ, ಆತು. ಗೊರಕೆ ಹೊಡೀತಿದ್ರಿ." ಅವಳ ಕೈಯಲ್ಲಿ ರುಜು ಬಿದ್ದ ಪುಸ್ತಕ. "ಇನ್ನು ಕವಳ ಬೇಡ. ಹಿಂದಿನ ಬದಿಗೂ ಬ್ರಷ್ ಹೋಗ್ಲಿ."

ಬಿಟ್ಟಿದ್ದೇನೆ, ಊಟದ ನಂತರದ್ದೊಂದನ್ನು ಬಿಟ್ಟು. ಬ್ರಷ್ಷೂ ಹಿಂದಕ್ಕೆ ಹೋಗುತ್ತದೆ. ಆದರೆ ನಾಗವೇಣಿಯ ತಂಗಿಯೂ ಬರುವ ವರ್ಷ ಇದೇ ವಿದ್ಯೆಗೆ ಸೇರುತ್ತಾಳಂತೆ. ಅದು ನೆನಪಾದಾಗ ಕೈ ಒಂದಿಷ್ಟು ತಡೆಯುತ್ತದೆ. ಒಂದು ಮೂಲೆಯನ್ನಾದರೂ ಆ ಮಗುವಿಗೆಂದು ಇಟ್ಟಿರಬೇಡವೇ.