ಕಿಟಕಿ ಪಕ್ಕದ ಸೀಟು

ಮೀನಿನ ಹೊಟ್ಟೆ ಸೀಳಿ, ಎರಡು ಹೋಳನ್ನೂ ಬಿಡಿಸಿ ಉಪ್ಪುನೀರಿಗೆ ಹಾಕಿ, ಆಮೇಲೆ ಬಿಸಿಲಿಗೆ ಒಣಹಾಕುವುದು ಹಿಸಾನೊಳ ಬೆಳಗಿನ ಕೆಲಸ. ಆ ದಿನ ಬುಟ್ಟಿ ಅರ್ಧ ಖಾಲಿಯಾಗುವಷ್ಟರಲ್ಲಿ ಅತ್ತೆ ಇಶಿ ಒಳಗಿನಿಂದ ತೆವಳಿಕೊಂಡು ಬಂದು ಹೊಸ್ತಿಲ ಮೇಲೆ ಕೂತಳು.

“ಚಾಕು ಕೆಳಗಿಡು. ಮಧ್ಯಾಹ್ನದ ರೈಲಿಗೆ ಹೊರಡು.”

“ಸುಟ್ಟ ಮೂಳೆ ಓಸಾಕಾದವಳೇ ಇಟ್ಕೊಂಡಿದ್ದಾಳಂತಲ್ಲ ಅತ್ತೆ. ಹೋಗಿ ಏನು ತರ್ಲಿ?”

“ಮೂಳೆ ಇಟ್ಕೊಂಡು ಸಾಯ್ಲಿ. ಅವನನ್ನ ನೀನು ಕರ್ಕೊಂಡು ಬಾ.”

ಅವನು ಎಂದರೆ ತಾಮೊತ್ಸು. ಇಶಿಯ ಒಬ್ಬನೇ ಮಗ, ಹಿಸಾನೊಳ ಗಂಡ. ಓಸಾಕಾದ ಬಂದರಿನಲ್ಲಿ ಒಂದು ಚಳಿಗಾಲ ದುಡಿದು ಬರುತ್ತೇನೆಂದು ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ಹಿಸಾನೊ ಮನೆ ಬಿಟ್ಟು ಹೋಗಲಿಲ್ಲ. ಅತ್ತೆಯೂ ಹೋಗು ಎನ್ನಲಿಲ್ಲ. ಇಬ್ಬರು ಹೆಂಗಸರು ಮೀನು ಒಣಗಿಸಿಕೊಂಡು ಮುದುಕಿಯರಾದರು. ಹೋದ ವಾರ ತಾಮೊತ್ಸು ಓಸಾಕಾದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ.

ಅವರ ಊರು ಕಾಜಿನೊದಲ್ಲಿ ಹೊರಗೆ ಸತ್ತವರನ್ನು ಹಾಗೇ ಬಿಡುವುದಿಲ್ಲ. ಸಮಾಧಿಯ ಮುಂದೆ ಇಡುವ ಶಿಕಿಮಿ ಗಿಡದ ಕೊಂಬೆಯೊಂದನ್ನು ಮನೆಯವರು ಕೊಂಡೊಯ್ದು, ಜೀವ ಹೋದ ಜಾಗಕ್ಕೆ ತಾಗಿಸಿ, ಹೆಸರು ಹಿಡಿದು ಕರೆದು ತರಬೇಕು. ಬರುವಾಗ ಕೊಂಬೆಗೂ ಒಂದು ಟಿಕೆಟ್, ಒಂದು ಊಟದ ಡಬ್ಬಿ. ಸೇತುವೆ ಬಂದಾಗ, ರೈಲು ಬದಲಿಸುವಾಗ ಮತ್ತೆ ಹೆಸರು ಹಿಡಿದು ಹೇಳಬೇಕು. ಸತ್ತವರಿಗೆ ದಾರಿ ತಿಳಿಯದು. ಕರೆಯದಿದ್ದರೆ ಕೂತಲ್ಲೇ ಕೂತಿರುತ್ತಾರೆ. ಇಶಿ ತನ್ನ ಗಂಡನನ್ನು ಹೀಗೇ ಕೋಬೆಯಿಂದ ತಂದಿದ್ದಳು.

“ಅವನು ಬಂದ ಮೇಲೇ ನಾನು ಹೋಗೋದು,” ಎಂದಳು ಇಶಿ. “ಬರಿಗೈಲಿ ಹೋದ್ರೆ ಅಲ್ಲಿ ಅವರಪ್ಪ ಕೇಳ್ತಾನೆ, ಮಗ ಎಲ್ಲಿ ಅಂತ.”

ಮರುದಿನ ಬೆಳಿಗ್ಗೆ ಓಸಾಕಾದ ಆಸ್ಪತ್ರೆಯಲ್ಲಿ ತಾಮೊತ್ಸುವಿನ ಮಂಚದ ಮೇಲೆ ಆಗಲೇ ಬೇರೊಬ್ಬ ರೋಗಿ ಕೂತು ಗಂಜಿ ಕುಡಿಯುತ್ತಿದ್ದ. ಏಳಿ ಎನ್ನಲು ಹಿಸಾನೊಗೆ ಬಾಯಿ ಬರಲಿಲ್ಲ. ಬಗ್ಗಿ ಮಂಚದ ಕಬ್ಬಿಣದ ಕಾಲಿಗೆ ಕೊಂಬೆ ತಾಗಿಸಿದಳು.

“ಏನಮ್ಮಾ, ತಿಗಣೆ ಇದೆಯಾ?” ಎಂದು ಅವನು ಕೇಳಿದ.

“ಇಲ್ಲ, ನೀವು ಕುಡೀರಿ,” ಎಂದಳು. ಆಮೇಲೆ ಗಂಟಲೊಳಗೇ, “ತಾಮೊತ್ಸು ಅವರೇ, ಬನ್ನಿ, ಮನೆಗೆ ಹೋಗೋಣ,” ಎಂದಳು.

ಮೆಟ್ಟಿಲ ಬುಡದಲ್ಲಿ ಆ ಇನ್ನೊಬ್ಬಳು ನಿಂತಿದ್ದಳು. ತೆಳ್ಳಗಿನ, ಕನ್ನಡಕದ ಹೆಂಗಸು. ಸೊಂಟ ಬಗ್ಗಿಸಿ ವಂದಿಸಿದಳು. ಕೊಂಬೆಯನ್ನು ನೋಡಿ, “ಅವರು ನಿಮ್ಮ ಜೊತೆ ಬರ್ತಾರಾ?” ಎಂದು ಕೇಳಿದಳು. ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಹಿಸಾನೊಗೆ ಉತ್ತರ ಹೊಳೆಯುತ್ತಿತ್ತು.

ರೈಲಿನಲ್ಲಿ ಕೊಂಬೆಯನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಮಲಗಿಸಿ, ಅದರ ಮುಂದೆ ಡಬ್ಬಿ ಬಿಚ್ಚಿ, ಊಟದ ಕಡ್ಡಿಗಳನ್ನು ಜೋಡಿಸಿಟ್ಟಳು. ನಗರ ದಾಟಿ ದೊಡ್ಡ ಹೊಳೆ ಬಂತು. “ಸೇತುವೆ ಬಂತು, ತಾಮೊತ್ಸು ಅವರೇ,” ಎಂದಳು. ಆಗ ಅವಳ ಬಲಮಂಡಿ, ಕಿಟಕಿಯ ಕಡೆಯದು, ತಣ್ಣಗಾಯಿತು. ಒದ್ದೆ ಬಟ್ಟೆ ತೊಟ್ಟವರು ಒತ್ತಿ ಕೂತ ಹಾಗೆ. ಕೈಯಿಂದ ಉಜ್ಜಿಕೊಂಡಳು. ಹೋಗಲಿಲ್ಲ.

ಮುಂದಿನ ನಿಲ್ದಾಣದಲ್ಲಿ ಬೆನ್ನಿಗೆ ಚೀಲ ಹೊತ್ತ ಹುಡುಗಿಯೊಬ್ಬಳು ಹತ್ತಿದಳು.

“ಅಮ್ಮಾ, ಇಲ್ಲಿ ಯಾರಾದ್ರೂ ಇದ್ದಾರಾ?”

“ಇದ್ದಾರೆ.”

ಹುಡುಗಿ ಸೀಟು ನೋಡಿದಳು, ಮುಟ್ಟದ ಅನ್ನ ನೋಡಿದಳು, ಎದುರಿನ ಸಾಲಿನಲ್ಲಿ ಕೂತಳು. ಕಾಜಿನೊಗೇ ಹೊರಟಿದ್ದಳಂತೆ. “ಕರೀ ಹೆಂಚಿನ ಮನೆಗಳು, ಬಾಗಿಲಿಗೇ ಕಡಲು. ಎಷ್ಟು ಚೆಂದದ ಊರಂತೆ. ನಿಮಗೆ ಗೊತ್ತಾ?”

“ಹೊರಗಿನವರು ಹಾಗಂತಾರೆ.”

“ಒಬ್ಬರೇ ಹೋಗ್ತಿದ್ದೀರಾ?” ಎಂದು ಕೇಳಿದ ಹುಡುಗಿಯ ಕಣ್ಣು ಮತ್ತೆ ಆ ಸೀಟಿನತ್ತ ಹೋಯಿತು. ಸ್ವಲ್ಪ ಹೊತ್ತಿಗೆ ಚೀಲ ಎತ್ತಿಕೊಂಡು ಮುಂದಿನ ಬೋಗಿಗೆ ಹೋದಳು.

ಬೆಟ್ಟಗಳು ಹತ್ತಿರವಾದವು. ಬೋಗಿಯಲ್ಲಿ ಬೇರೆ ಯಾರೂ ಉಳಿಯಲಿಲ್ಲ. ಹಿಸಾನೊ ಕೊಂಬೆಯ ಕಡೆ ತಿರುಗದೆಯೇ ಮಾತು ಶುರು ಮಾಡಿದಳು.

“ನಿಮ್ಮಮ್ಮ ಬಿದ್ದು ಸೊಂಟ ಮುರ್ಕೊಂಡಾಗ ಹೇಳಿ ಕಳಿಸಿದ್ದೆ. ಬಂದ್ರಾ? ಬಿರುಗಾಳಿಗೆ ಹೆಂಚು ಹಾರಿದಾಗ ನಾನೇ ಏಣಿ ಹತ್ತಿದೆ. ಪಕ್ಕದ ಮನೆಯವನು ಕೆಳಗೆ ನಿಂತು ನಗ್ತಾನೆ, ನಿನ್ನ ಗಂಡ ಏಣಿ ತಗೊಂಡು ಹೋಗಲಿಲ್ಲವಲ್ಲ, ಪುಣ್ಯ ಅಂತ. ಮಾತಾಡಿ. ಆಗಲೂ ಹೀಗೇ ಗುಮ್ಮನ ಹಾಗೆ ಕೂತಿರ್ತಿದ್ರಿ.”

ಮಂಡಿಯ ತಂಪು ತೊಡೆಗೆ ಏರಿತು. ಬೇರೆ ಕಿಟಕಿಗಳ ಗಾಜು ತಿಳಿಯಾಗಿತ್ತು. ಆ ಸೀಟಿನ ಪಕ್ಕದ ಗಾಜಿಗೆ ಮಾತ್ರ ಮಂಜು ಹಿಡಿದಿತ್ತು. ಅವಳು ಒರೆಸಿದಳು. ಮತ್ತೆ ಹಿಡಿಯಿತು.

ನಿರೆಯಾಮಾದಲ್ಲಿ ಸಣ್ಣ ರೈಲಿಗೆ ಬದಲಿಸಬೇಕು. ಅದು ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಸಿದ್ಧವಾಗಿ ನಿಂತಿತ್ತು. ಹಿಸಾನೊ ಡಬ್ಬಿ ಕಟ್ಟಿ, ಕೊಂಬೆ ಎತ್ತಿಕೊಂಡು ಇಳಿದಳು. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೆಟ್ಟಿಲ ಬುಡದಲ್ಲಿ ಕಂಡ ಕನ್ನಡಕ ನೆನಪಾಯಿತು. ಸಣ್ಣ ರೈಲು ಕೂಗಿತು. ಅವಳು ಹತ್ತಿದಳು.

ಅಲ್ಲಿಂದ ಮುಂದೆ ಹಳಿ ಕಡಲಂಚಿಗೇ ಓಡುತ್ತದೆ. ಇಳಿಬಿಸಿಲು ಮಡಿಲಿಗೆ ಬೀಳುತ್ತಿತ್ತು. ಮಂಡಿ ಬೆಚ್ಚಗಾಗಿತ್ತು. ಬಿಸಿಲಿಗೆ ಇರಬೇಕು ಅಂದುಕೊಂಡಳು. ಕೊಂಬೆ ಹಗುರವಾಗಿತ್ತು, ಅದು ಒಣಗಿದ್ದಕ್ಕೆ ಅಂದುಕೊಂಡಳು. ಕಡೆಯ ಸೇತುವೆಯ ಮೇಲೆ ಗಟ್ಟಿಯಾಗಿಯೇ ಹೆಸರು ಕರೆದಳು. ಕಾಜಿನೊ ನಿಲ್ದಾಣದಲ್ಲಿ ಕರೆದಳು. ಮನೆಯ ಮುಂದೆ, ಅಕ್ಕಪಕ್ಕದವರಿಗೆ ಕೇಳುವ ಹಾಗೆ ಕರೆದಳು.

ದೀಪ ಹಚ್ಚುವ ಹೊತ್ತು. ಇಶಿ ಹೊಸ್ತಿಲಲ್ಲೇ ಇದ್ದಳು. ಕೊಂಬೆಯನ್ನು ಮಡಿಲಿಗೆ ತೆಗೆದುಕೊಂಡು, ಎಳೆಗೂಸಿನ ತಲೆ ಸವರುವಂತೆ ಎಲೆ ಸವರಿದಳು. ಕೈ ನಿಂತಿತು.

“ಬರಲಿಲ್ಲ,” ಎಂದಳು.

“ಕರೆದೆ ಅತ್ತೆ. ಬಾಗಿಲಲ್ಲಿ ಕರೆದದ್ದು ನಿಮಗೂ ಕೇಳ್ತಲ್ಲ.”

“ಕೇಳ್ತು. ಎಲ್ಲಿ ಬಿಟ್ಟೆ?”

ಹಿಸಾನೊ ಚಪ್ಪಲಿ ಬಿಚ್ಚದೆ ನಿಂತಿದ್ದಳು. “ನಿರೆಯಾಮಾದಲ್ಲಿ. ಅಲ್ಲಿ ಹೇಳಲಿಲ್ಲ.”

“ಮರೆತೆಯೋ, ಬೇಕಂತ ಬಿಟ್ಟೆಯೋ?”

“ಗೊತ್ತಿಲ್ಲ ಅತ್ತೆ.”

ಇಶಿ ಬೈಯಲಿಲ್ಲ. ಬೈದಿದ್ದರೆ ಹಿಸಾನೊಗೆ ಹಗುರವಾಗುತ್ತಿತ್ತು. ಮುದುಕಿ ಕೊಂಬೆಯನ್ನು ನೀರಿನ ಬಕೀಟಿಗಿಟ್ಟು, ಬಾಗಿಲಾಚೆ ಕಪ್ಪಾಗುತ್ತಿದ್ದ ಕಡಲನ್ನು ನೋಡುತ್ತ ಕೂತಳು.

“ಅಲ್ಲಿ ಕೂರೋಕೆ ಬೆಂಚಾದ್ರೂ ಇದೆಯಾ?”

“ಇದೆ.”

“ಮೇಲೆ ಸೂರು?”

“ಅರ್ಧಕ್ಕಿದೆ.”

“ಮೊದಲಿಂದಲೂ ಅಷ್ಟೇ,” ಎಂದಳು ಇಶಿ. “ಯಾರಾದ್ರೂ ಕೈ ಹಿಡಿದು ಹತ್ತಿಸದಿದ್ರೆ ರೈಲು ಬದಲಾಯಿಸೋದು ಬರಲ್ಲ ಅವನಿಗೆ. ಓಸಾಕಾದಲ್ಲಿ ಅವಳು ಕೈ ಹಿಡಿದಳು, ಅಲ್ಲೇ ನಿಂತ.”

ಹಿಸಾನೊ ಒಳಗೆ ಹೋಗಿ ಒಲೆ ಹಚ್ಚಿದಳು, ಅತ್ತೆಗೆ ಗಂಜಿ ಬಡಿಸಿದಳು, ತಾನು ಉಣ್ಣಲಿಲ್ಲ. ಬೆಳಿಗ್ಗೆ ಮೀನಿನವನು ಬುಟ್ಟಿ ತಂದಾಗ, ಇವತ್ತು ಬೇಡ ಎಂದು ಹೇಳಿ ಕಳಿಸಿ, ಬಕೀಟಿನಿಂದ ಕೊಂಬೆ ಎತ್ತಿಕೊಂಡು ಮೊದಲ ರೈಲಿಗೆ ನಿರೆಯಾಮಾಕ್ಕೆ ಹೋದಳು.